ಮಲ್ಲೇಶಪ್ಪ ಒಲ್ಲೆ ಎಂದದ್ದು

ನಾಗಪುರದ ಲಕ್ಷ್ಮೀ ನಗರದಲ್ಲಿ, ನೀರಿನ ಟಾಕಿಯ ಹಿಂದಿನ ಓಣಿಯಲ್ಲಿ, ಮಲ್ಲೇಶಪ್ಪ ಬಿಜ್ಜರಗಿ ಎಂಬವರು ಮೂವತ್ತು ವರ್ಷದಿಂದ ಇದ್ದಾರೆ. ಮೂಲ ಮುದ್ದೇಬಿಹಾಳದ ಕಡೆಯವರು. ಸಿವಿಲ್ ಲೈನ್ಸಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಆವಕ-ಜಾವಕ ವಿಭಾಗ ನೋಡಿಕೊಳ್ಳುತ್ತಾರೆ. ಅಂದರೆ ಬಂದ ಕಾಗದಕ್ಕೆ ಒಂದು ನಂಬರು, ಹೋಗುವ ಕಾಗದಕ್ಕೆ ಇನ್ನೊಂದು ನಂಬರು. ಕಚೇರಿಯಲ್ಲಿ ಎರಡೂ ಸರಿಯಾಗಿ ನಡೆಯುತ್ತಿದ್ದವು. ಸ್ವಂತ ಬದುಕಿನಲ್ಲಿ ಮಾತ್ರ ಬರೀ ಆವಕ. ಯಾರು ಏನು ತಂದು ಹೊರಿಸಿದರೂ ಇಳಿಸಿಕೊಳ್ಳುವರು; ತಿರುಗಿ ಕಳಿಸುವ ಪದ್ಧತಿಯೇ ಇರಲಿಲ್ಲ.

ನಮ್ಮ ಸಹೃದಯ ಕನ್ನಡ ಬಳಗದಲ್ಲಿ ಇನ್ನೂರು ಮನೆಗಳಿವೆ. ಕಡಿಮೆಯೆಂದರೂ ನೂರೈವತ್ತು ಮನೆಯವರು ಮಲ್ಲೇಶಪ್ಪನವರಿಂದ ಏನಾದರೊಂದು ಮಾಡಿಸಿಕೊಂಡವರೇ. ಸುಳ್ಳು ಯಾಕೆ ಹೇಳಲಿ, ನಾನೂ ಅದರಲ್ಲಿ ಒಬ್ಬ. ಊರಿಂದ ಅತ್ತೆ ಬರುತ್ತಾರೆ, ಬೆಳಗಿನ ಐದಕ್ಕೆ ಸ್ಟೇಷನ್ನಿಗೆ ಹೋಗಬೇಕು: ಮಲ್ಲೇಶಪ್ಪ. ವರ್ಗವಾಗಿ ಬಂದವರಿಗೆ ಗ್ಯಾಸಿನ ಕಚೇರಿಯಲ್ಲಿ ಮರಾಠಿ ಮಾತಾಡುವವರು ಬೇಕು: ಮಲ್ಲೇಶಪ್ಪ. ರಾಜ್ಯೋತ್ಸವದ ನಾಟಕದಲ್ಲಿ ರಾಜನ ಹಿಂದೆ ಈಟಿ ಹಿಡಿದು ಎರಡೂವರೆ ತಾಸು ಸುಮ್ಮನೆ ನಿಲ್ಲುವ ದ್ವಾರಪಾಲಕನ ಪಾತ್ರಕ್ಕೆ ಯಾರೂ ಒಪ್ಪುವುದಿಲ್ಲ, ಅದೂ ಮಲ್ಲೇಶಪ್ಪನವರದೇ. ಹತ್ತೊಂಬತ್ತು ವರ್ಷ ಹಾಗೆ ನಿಂತರು. ರಾಜರು ಬದಲಾದರು, ರಾಜವಂಶಗಳೇ ಬದಲಾದವು, ದ್ವಾರಪಾಲಕ ಬದಲಾಗಲಿಲ್ಲ.

ಹಾಗಂತ ಅವರು ಬಾಯಿಲ್ಲದ ಮನುಷ್ಯರಲ್ಲ. ಮಾರ್ಕೆಟ್ಟಿನಲ್ಲಿ ಬಾಡಿದ ಪಾಲಕ್ ತೋರಿಸಿದರೆ "ನಕೋ" ಎನ್ನುವರು. ಆಟೋದವನು ಸುತ್ತುಹಾದಿ ಹಿಡಿದರೆ "ನಹೀ" ಎನ್ನುವರು. ಕಚೇರಿಯಲ್ಲಿ ಸಹಿಯಿಲ್ಲದ ಕಾಗದ ಬಂದರೆ "ನಾಟ್ ಪಾಸಿಬಲ್" ಎಂದು ಕನ್ನಡಕ ತೆಗೆದೇ ಹೇಳುವರು. ಕನ್ನಡದಲ್ಲಿ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ಮರಾಠಿ ಮಂದಿ ಊರ ತುಂಬ ಅದಾರ್ರಿ," ಎಂದರು. "ಒಬ್ಬರ ಮನಸ್ಸು ಕೆಟ್ಟರ ಇನ್ನೊಬ್ಬರು ಸಿಗತಾರ. ನಮ್ಮವರು ಎಣಿಸಿದಷ್ಟ ಮಂದಿ. ಅವರಿಗೆ ಒಲ್ಲೆ ಅಂದ್ರ ನಾಳೆ ನನ್ನ ಹೆಣಾ ಹೊರಾಕ ಯಾರು ಬರತಾರ?"

ಹೊರುವುದಕ್ಕೆ ನಾಲ್ಕು ಜನ ಸಾಕು. ಆ ನಾಲ್ವರ ಸಲುವಾಗಿ ಅವರು ಇನ್ನೂರು ಮನೆಯ ಚೀಲ ಹೊರುತ್ತಿದ್ದರು.

ಬಳಗದ ಅಧ್ಯಕ್ಷರು ಗುರುಪಾದಪ್ಪ ಸಾವಕಾರರು. ಇತವಾರಿ ಪೇಟೆಯಲ್ಲಿ ಅವರದು ಇಳಕಲ್ ಸೀರೆಯ ಅಂಗಡಿ. ಅವರಿಗೆ ಒಂದು ಮಾತು ಸಿದ್ಧಿಸಿತ್ತು: "ಹೆಂಗೂ". "ಹೆಂಗೂ ಆ ಕಡೆ ಹೊಂಟೀರಿ." "ಹೆಂಗೂ ನಿಮ್ಮ ಕಾರು ಸುಮ್ಮನ ನಿಂತಿರತೈತಿ." ಈ ಒಂದು ಶಬ್ದದಿಂದ ಅವರು ಎದುರಿನವರ ಭಾನುವಾರವನ್ನು ಎತ್ತಿಕೊಂಡು ಹೋಗಿಬಿಡುತ್ತಿದ್ದರು.

ಎರಡು ವರ್ಷದ ಹಿಂದಿನ ಮಾತು. ಮಲ್ಲೇಶಪ್ಪನವರ ಹೆಂಡತಿ ಜಯವ್ವನವರಿಗೆ ಬಲಗಣ್ಣಿನ ಪೊರೆ ತೆಗೆಸುವುದಿತ್ತು. ದಿನ ಗೊತ್ತಾಗಿತ್ತು, ಮಲ್ಲೇಶಪ್ಪ ರಜೆ ಹಾಕಿದ್ದರು. ಬೆಳಿಗ್ಗೆ ಏಳಕ್ಕೆ ಸಾವಕಾರರ ಫೋನು. "ಇಳಕಲ್ಲಿನಿಂದ ಬೀಗರು ಬಂದಾರ್ರಿ. ರಾಮಟೇಕ್ ನೋಡಬೇಕಂತ. ಹೆಂಗೂ ಇವತ್ತ ರಜಾ ಹಾಕೀರಂತಲ್ಲ."

ರಜೆ ಯಾಕೆ ಎಂದು ಅವರು ಕೇಳಲಿಲ್ಲ. ಮಲ್ಲೇಶಪ್ಪನವರೂ ಹೇಳಲಿಲ್ಲ. ಹೂಂ ಎಂದರು. ಜಯವ್ವನವರನ್ನು ಮಗಳು ದೀಪಾಲಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಸಂಜೆ ಐದಕ್ಕೆ ಮಲ್ಲೇಶಪ್ಪ ಮನೆಗೆ ಬಂದಾಗ ಹೆಂಡತಿ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು, ಉಳಿದೊಂದು ಕಣ್ಣಿನಿಂದ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದರು.

"ಬಂದ್ರೇನು," ಎಂದರು ಜಯವ್ವ. "ರಾಮಟೇಕದಾಗ ಬಿಸಲ ಭಾಳ ಇತ್ತೇನು?"

ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ಬಿಸಿಲಿನ ವಿಚಾರವೇ ಕೇಳಿದ್ದರು. ಅದೇ ಮಲ್ಲೇಶಪ್ಪನವರಿಗೆ ತಡೆಯಲಾಗದೆ ಹೋಯಿತು. ಬೈದಿದ್ದರೆ ಅದನ್ನೂ ಇಳಿಸಿಕೊಳ್ಳುತ್ತಿದ್ದರು.

ಮುಂದಿನ ತಿಂಗಳು ಬೋಪಣ್ಣ ಎಂಬವರು ಬಳಗಕ್ಕೆ ಬಂದರು. ಕೊಡಗಿನವರು, ವಾಯುಸೇನೆಯಿಂದ ನಿವೃತ್ತರಾಗಿ ನಾಗಪುರದಲ್ಲೇ ನೆಲೆ ನಿಂತವರು. ನಿವೃತ್ತಿಯ ಮೇಲೆ "ಸ್ವಯಂಪ್ರಭು ಶಿಬಿರ" ತೆಗೆದಿದ್ದರು: ಮೂರು ದಿನದಲ್ಲಿ ನಿಮಗೆ ನೀವೇ ಒಡೆಯರಾಗುವುದು. ಕನ್ನಡದವರದೇ ಒಂದು ತಂಡಕ್ಕೆ ಮೂವತ್ತು ಜನ ಬೇಕಾಗಿತ್ತು, ಇಪ್ಪತ್ತೊಂಬತ್ತು ಸಿಕ್ಕಿದ್ದರು.

"ನಮ್ಮ ಮಲ್ಲೇಶಪ್ಪಾರ ಅದಾರಲ್ಲ," ಎಂದರು ಗುರುಪಾದಪ್ಪ. "ಹೆಂಗೂ ಅವರು ಇಲ್ಲ ಅನ್ನಂಗಿಲ್ಲ. ಬರಕೋರಿ."

ಹೀಗೆ, ಇಲ್ಲ ಎನ್ನಲು ಬಾರದೆ, ಇಲ್ಲ ಎನ್ನಲು ಕಲಿಸುವ ಶಿಬಿರಕ್ಕೆ ಅವರು ಸೇರಿದರು.

ವರ್ಧಾ ರಸ್ತೆಯ ಒಂದು ಮಂಗಲ ಕಾರ್ಯಾಲಯದಲ್ಲಿ ಶಿಬಿರ. ಸ್ವಾತಂತ್ರ್ಯ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಶುರುವಾಗುತ್ತಿತ್ತು. ಒಂದು ನಿಮಿಷ ತಡವಾದವರಿಗೆ ಗೇಟು ಮುಚ್ಚುತ್ತಿತ್ತು. ಹಲಗೆಯ ಮೇಲೆ "ಯಾರ ಅಪ್ಪಣೆಗೂ ಕಾಯಬೇಡಿ" ಎಂದು ದೊಡ್ಡದಾಗಿ ಬರೆದಿತ್ತು. ಕೆಳಗೆ ಸಣ್ಣಕ್ಷರದಲ್ಲಿ, ಪಾಯಖಾನೆಗೆ ಹೋಗುವವರು ಕೈಯೆತ್ತಿ ಕೇಳಬೇಕು ಎಂದಿತ್ತು. ಮೂವತ್ತು ಜನ ಒಂದೇ ಬಣ್ಣದ ಬನಿಯನ್ನು ತೊಟ್ಟು, ಒಂದೇ ಸಾಲಿನಲ್ಲಿ ನಿಂತು, ಒಂದೇ ದನಿಯಲ್ಲಿ "ನಾನು ಯಾರ ಹಾಗೂ ಅಲ್ಲ" ಎಂದು ಕೂಗಬೇಕಾಗಿತ್ತು.

ಎರಡನೆಯ ದಿನ ಪ್ರತಿಯೊಬ್ಬರೂ ಎದ್ದು ನಿಂತು ತಾವು ಯಾವಾಗ ಗುಲಾಮರಾದೆವು ಎಂದು ಹೇಳಬೇಕು. ಮಲ್ಲೇಶಪ್ಪ ಹಸಿರು ಪಟ್ಟಿಯ ಸಂಗತಿ ಹೇಳಿದರು. ಬೋಪಣ್ಣನವರು ಅವರನ್ನು ಒಂದು ನಿಲುಗನ್ನಡಿಯ ಮುಂದೆ ನಿಲ್ಲಿಸಿದರು.

"ನೂರು ಸಲ 'ಆಗಲ್ಲ' ಅಂತ ಹೇಳಿ."

"ಆಗಲ್ಲ ಅಂದ್ರ ನಮ್ಮ ಕಡೆ ನೆಪ ಅಂತಾರ್ರಿ ಸರ್," ಎಂದರು ಮಲ್ಲೇಶಪ್ಪ. "ಯಾಕ ಆಗಂಗಿಲ್ಲ, ನಾವು ಆಗೂವಂಗ ಮಾಡತೀವಿ ಅಂತ ಬಂದು ಕುಂದರತಾರ. ಒಲ್ಲೆ ಅನಬೇಕ್ರಿ. ಒಲ್ಲೆ ಅಂದಮ್ಯಾಲ ಮುಂದ ಮಾತಿಲ್ಲ."

"ಹಾಗಾದ್ರೆ ಅದನ್ನೇ ಹೇಳಿ. ಜೋರಾಗಿ!"

ನೂರು ಸಲ ಹೇಳಿದರು. ಎಂಬತ್ತರ ಆಸುಪಾಸಿನಲ್ಲಿ ಕನ್ನಡಿಯೊಳಗಿನ ಮನುಷ್ಯ ತುಸು ಎತ್ತರವಾದಂತೆ ಕಂಡನಂತೆ.

ಮನೆಗೆ ಬಂದವರು ಮೊದಲು ಹೆಂಡತಿಯ ಮೇಲೆ ವಿದ್ಯೆ ಪರೀಕ್ಷಿಸಿದರು. ಜಯವ್ವ ಕೊತ್ತಂಬರಿ ತರಲು ಹೇಳಿದರು.

"ಒಲ್ಲೆ," ಎಂದರು ಮಲ್ಲೇಶಪ್ಪ, ಎದೆ ಮುಂದೆ ಮಾಡಿ.

"ಆತ ಬಿಡ್ರಿ," ಎಂದರು ಜಯವ್ವ. ನಾಲ್ಕು ಗಂಟೆ ಆಯಿತು, ಚಹಾ ಬರಲಿಲ್ಲ. ಮಲ್ಲೇಶಪ್ಪ ಅಡಿಗೆಮನೆಗೆ ಇಣುಕಿ ಕೇಳಿದರು. "ನಾನೂ ಒಲ್ಲೆ," ಎಂದರು ಜಯವ್ವ. "ಶಿಬಿರಕ್ಕ ಹೋಗದನ ಬಂತ ನೋಡ್ರಿ ನನಗ."

ಅಂದಿನಿಂದ ಆ ಮನೆಯಲ್ಲಿ ಚಹಾ ಮಲ್ಲೇಶಪ್ಪನವರೇ ಮಾಡುತ್ತಾರೆ. ಪುಡಿ ಜಾಸ್ತಿ ಹಾಕುತ್ತಾರೆ, ಆದರೂ ಕುಡಿಯಬಹುದು.

ನಿಜವಾದ ಪರೀಕ್ಷೆ ಬಳಗದ ಸಭೆಯಲ್ಲಿ ನಡೆಯಿತು. ನಾಟಕದ ಪಾತ್ರ ಹಂಚುವ ದಿನ. ರಾಜ, ಮಂತ್ರಿ, ವಿದೂಷಕ ಎಲ್ಲ ಆದ ಮೇಲೆ ಗುರುಪಾದಪ್ಪ ತಲೆಯೆತ್ತದೆ ಹೇಳಿದರು: "ಈಟಿ ಹೆಂಗೂ ಮಲ್ಲೇಶಪ್ಪಾರದು."

"ಒಲ್ಲೆರಿ ಸಾವಕಾರ್ರ."

ಯಾರದೋ ಕೈಲಿದ್ದ ಚಕ್ಕುಲಿ ಅಲ್ಲೇ ನಿಂತಿತು. ಗುರುಪಾದಪ್ಪ ಕನ್ನಡಕದ ಮೇಲಿಂದ ನೋಡಿದರು. "ಆರಾಮ ಇಲ್ಲೇನ್ರಿ?"

"ಆರಾಮ ಅದೀನ್ರಿ. ಒಲ್ಲೆ ಅಷ್ಟ."

ಸಂಜೆಯೊಳಗೆ ಬಳಗದಲ್ಲಿ ನಾಲ್ಕು ಸುದ್ದಿ ಹುಟ್ಟಿದವು. ಮಲ್ಲೇಶಪ್ಪನವರಿಗೆ ಸಕ್ಕರೆ ಕಾಯಿಲೆ. ಅವರಿಗೆ ವರ್ಗವಾಗಿದೆ. ಅವರು ಯಾವುದೋ ಮಠದ ದೀಕ್ಷೆ ತಗೊಂಡಿದ್ದಾರೆ. ನಾಲ್ಕನೆಯದು ಗುರುಪಾದಪ್ಪನವರ ನಿದ್ದೆ ಕೆಡಿಸಿತು: ಮಲ್ಲೇಶಪ್ಪನವರ ಕಣ್ಣು ಅಧ್ಯಕ್ಷ ಪದವಿಯ ಮೇಲಿದೆ.

ಮರುದಿನವೇ ಸಾವಕಾರರು ನಾಗಪುರದ ಕಿತ್ತಳೆಯ ಸಂತ್ರಾ ಬರ್ಫಿಯ ಡಬ್ಬಿ ಹಿಡಿದು ಮನೆಗೆ ಬಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಈಟಿ ಬ್ಯಾಡ್ರಿ. ಮಂತ್ರಿ ಆಗ್ರಿ."

"ಒಲ್ಲೆ."

"ರಾಜನ ಆಗ್ರಿ ಹಂಗಾರ!"

"ಒಲ್ಲೆರಿ."

ಗುರುಪಾದಪ್ಪ ಬರ್ಫಿಯ ಡಬ್ಬಿಯನ್ನು ಮುಂದೆ ಸರಿಸಿ, ದನಿ ತಗ್ಗಿಸಿದರು. "ಉಪಾಧ್ಯಕ್ಷ?"

ಮಲ್ಲೇಶಪ್ಪ ನನಗೆ ಆಮೇಲೆ ಹೇಳಿದರು: ಹೂಂ ಎಂದಷ್ಟು ಕಾಲ ಯಾರೂ ತಮಗೆ ಏನೂ ಕೊಡಲು ಬಂದಿರಲಿಲ್ಲ, ಒಲ್ಲೆ ಎಂದದ್ದೇ ತಡ, ಒಂದು ತಾಸಿನಲ್ಲಿ ರಾಜ್ಯ, ಮಂತ್ರಿಗಿರಿ, ಪದವಿ ಎಲ್ಲ ಕಾಲಬುಡಕ್ಕೆ ಬಂದವು. ಅವರು ಎಲ್ಲಕ್ಕೂ ಒಲ್ಲೆ ಎಂದರು. ಬರ್ಫಿ ತಿಂದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಉಪಾಧ್ಯಕ್ಷ ಪದವಿ ಬೇಡವೆಂದ ಮನುಷ್ಯ ಎಂದು ಅವರ ಹೆಸರು ಪಕ್ಕದ ಊರು ಕಾಂಪ್ಟಿಯವರೆಗೆ ಹೋಯಿತು. ಒಂದು ಭಾನುವಾರ ಕೃಪಾ ಎಂಬ ಹುಡುಗಿ ಬಂದಳು. ಹಾಸನದ ಕಡೆಯವಳು, ಗಂಡ ವಾಯುಸೇನೆಯಲ್ಲಿ. ಹಾಸನದಿಂದ ಅತ್ತೆ ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡಿ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತೆರೆಸಿ ನೋಡುತ್ತಿದ್ದರಂತೆ.

"ನಂಗೂ ಒಲ್ಲೆ ಅನ್ನೋದು ಹೇಳ್ಕೊಡಿ ಅಂಕಲ್," ಎಂದು ಕಣ್ಣು ಒರೆಸಿಕೊಂಡಳು.

ಅಳುವ ಹುಡುಗಿಗೆ ಒಲ್ಲೆ ಎನ್ನುವುದು ಹೇಗೆ? ಹೇಳಿಕೊಟ್ಟರು. ಅವಳು ಮುಂದಿನ ವಾರ ಇಬ್ಬರನ್ನು ಕರೆತಂದಳು. ತಿಂಗಳಲ್ಲಿ ಹನ್ನೊಂದು ಜನ, ಮಳೆಗಾಲ ಮುಗಿಯುವಷ್ಟರಲ್ಲಿ ನಲವತ್ತು. ಪ್ರತಿ ಭಾನುವಾರ ಬೆಳಿಗ್ಗೆ ಮಲ್ಲೇಶಪ್ಪನವರ ಪಡಸಾಲೆ ತುಂಬಿ ಹೊರಗಿನ ಮೆಟ್ಟಿಲಿನ ತನಕ ಚಪ್ಪಲಿ. ಚಹಾ ಮಲ್ಲೇಶಪ್ಪನವರದು. ಖಾರದ ಸಾರು ಸುರಿದ ಅವಲಕ್ಕಿ, ತರ್ರಿ-ಪೋಹೆ, ಜಯವ್ವನವರದು, ಅದೂ ಮೂರು ವಾರ ಮಾತ್ರ. ನಾಲ್ಕನೆಯ ವಾರ ಅವರು "ಒಲ್ಲೆ" ಎಂದು ತಂಗಿಯ ಮನೆಗೆ ಹೋದರು. ಶಿಷ್ಯರು ಚಪ್ಪಾಳೆ ತಟ್ಟಿದರು.

ಇಷ್ಟು ಜನ ಸೇರಿದ ಮೇಲೆ ಅದಕ್ಕೊಂದು ಹೆಸರು ಬೇಡವೇ? "ಒಲ್ಲೆ ಕೂಟ" ಎಂದಾಯಿತು. ಅಧ್ಯಕ್ಷರು ಬೇಡವೇ? ಗುರುಪಾದಪ್ಪನವರು ಹೆಂಗೂ ಇದ್ದರು. ಕಾರ್ಯದರ್ಶಿ ಮಲ್ಲೇಶಪ್ಪ. ಹಾಜರಿ ಪುಸ್ತಕ ಬಂತು. ಎರಡು ವಾರ ತಪ್ಪಿಸಿದವರು ಲಿಖಿತ ಕಾರಣ ಕೊಡಬೇಕೆಂಬ ನಿಯಮ ಬಂತು. ಕೊನೆಗೆ ಎದೆಯ ಮೇಲೆ "ಒಲ್ಲೆ" ಎಂದು ಬರೆದ ಟೀ ಶರ್ಟು ಮಾಡಿಸುವುದೆಂದಾಯಿತು.

ಅಚ್ಚಿನ ಕೆಲಸ ದೀಪಾಲಿಯ ಪಾಲಿಗೆ ಬಂತು. ನಾಗಪುರದಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಮಾತಾಡುತ್ತಾಳೆ, ಓದುವಾಗ ಅಕ್ಷರ ಅಕ್ಷರಕ್ಕೂ ಎಡವುತ್ತಾಳೆ. ಮರಾಠಿ ಅಚ್ಚಿನವನಿಗಂತೂ ಕನ್ನಡವೆಂದರೆ ಜಿಲೇಬಿ. ನಲವತ್ತು ಶರ್ಟು ಬಂದವು. ಎಲ್ಲರೂ ತೊಟ್ಟುಕೊಂಡು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ಮಲ್ಲೇಶಪ್ಪ ಓದಿದರು. ನಲವತ್ತು ಎದೆಗಳ ಮೇಲೆ "ಒಳ್ಳೆ" ಎಂದಿತ್ತು.

"ಅಯ್ಯ ಬಾಬಾ, ಏಕ್ ಅಕ್ಷರ್ ತರ್ ಆಹೇ," ಎಂದಳು ದೀಪಾಲಿ, ಒಂದಕ್ಷರಕ್ಕೆ ಏನು ಮಹಾ ಎಂಬಂತೆ. "ಕಾಯ್ ಫರಕ್ ಪಡ್ತೋ? ಒಳ್ಳೆದು ಅಂತನ ಐತಲ್ಲ!"

"ಬರೋಬರ್ ಐತಿ," ಎಂದರು ಗುರುಪಾದಪ್ಪ. "ಒಳ್ಳೇ ಮಂದಿನ ಅದೀವಿ ನಾವು." ನಲವತ್ತು ಜನರೂ ಹೌದೆಂದರು. ಒಲ್ಲೆ ಎಂದು ಕಲಿತವರು ಒಬ್ಬರೂ ಆ ಶರ್ಟು ಒಲ್ಲೆ ಎನ್ನಲಿಲ್ಲ.

ಆರು ತಿಂಗಳು ತುಂಬಿದ್ದಕ್ಕೆ ಒಂದು ಸಮಾರಂಭ ಗೊತ್ತಾಯಿತು. ಬೋಪಣ್ಣನವರು ಮುಖ್ಯ ಅತಿಥಿ. ಅಂದು ಬೆಳಿಗ್ಗೆ ಸಭಾಗೃಹದಲ್ಲಿ ಗುರುಪಾದಪ್ಪ ಕೆಲಸ ಹಂಚತೊಡಗಿದರು.

"ಕೃಪಾ, ಸ್ವಾಗತ ಗೀತೆ ನೀನ ಹಾಡವಾ."

"ಒಲ್ಲೆ ಅಂಕಲ್," ಎಂದಳು ಕೃಪಾ, ಸ್ಪಷ್ಟವಾಗಿ. ಅವಳ ಊರಿನ ಕನ್ನಡದಲ್ಲಿ ಆ ಶಬ್ದದ ಬಳಕೆಯೇ ಇಲ್ಲ. ಆದರೂ ನಾಲಿಗೆ ತಿರುಗಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು.

"ವಂದನಾರ್ಪಣೆ ಪ್ರೇಮಾ ಅವರು..."

"ಒಲ್ಲೆರಿ." ಮತ್ತೆ ಚಪ್ಪಾಳೆ.

ಹಾರ ತರುವವರು ಒಲ್ಲೆ ಎಂದರು. ಮೈಕಿನವರು ಒಲ್ಲೆ ಎಂದರು. ಕುರ್ಚಿಗಳನ್ನು ಗೋಡೆಯ ಬದಿಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅವನ್ನು ಸಾಲಿಗೆ ಹಾಕಲು ಯಾರೂ ಒಲ್ಲರು. ಬೋಪಣ್ಣನವರು ಗಡಿಯಾರ ನೋಡುತ್ತ ಬಾಗಿಲಲ್ಲೇ ನಿಂತಿದ್ದರು, ಕೂರಲು ಕುರ್ಚಿಯಿರಲಿಲ್ಲ. ಗುರುಪಾದಪ್ಪ ಬೆವರು ಒರೆಸಿಕೊಂಡು ಕೊನೆಗೆ ಕಾರ್ಯದರ್ಶಿಯ ಕಡೆ ತಿರುಗಿದರು. "ಹೆಂಗೂ ನೀವು ಅದೀರಲ್ಲ ಮಲ್ಲೇಶಪ್ಪಾರ. ಕುರ್ಚಿ ಅಷ್ಟು..."

ನಲವತ್ತು ಜೋಡಿ ಕಣ್ಣು ಮಲ್ಲೇಶಪ್ಪನವರ ಬಾಯಿಯ ಮೇಲೆ ನೆಟ್ಟವು.

"ಒಲ್ಲೆ," ಎಂದರು.

ಸಭಾಗೃಹ ಹಾರಿಹೋಗುವಷ್ಟು ಚಪ್ಪಾಳೆ. ಇಬ್ಬರು ಅವರನ್ನು ಎತ್ತಿಯೇಬಿಟ್ಟರು. ಸಮಾರಂಭ ನಡೆಯಲಿಲ್ಲ. ಎಲ್ಲರೂ ಬಹಳ ಸಂತೋಷದಿಂದ ಮನೆಗೆ ಹೋದರು.

ಮಲ್ಲೇಶಪ್ಪ ಮಾತ್ರ ಸಪ್ಪಗಿದ್ದರು. ನನ್ನ ಸ್ಕೂಟರಿನ ಹಿಂದೆ ಕೂತು ಬರುವಾಗ ಕಿವಿಯ ಹತ್ತಿರ ಹೇಳಿದರು: "ಖರೇ ಹೇಳಲೇನ್ರಿ? ಆ ಕುರ್ಚಿ ಹಾಕಬೇಕು ಅನಸಿತ್ತು ನನಗ. ಪಾಪ, ಬೋಪಣ್ಣ ಸರ್ ಮೊಣಕಾಲ ನೋವಿನವರು, ನಿಂತ ಇದ್ದರು. ಆದರ ಅಷ್ಟು ಮಂದಿ ನನ್ನ ಬಾಯಿ ನೋಡಾಕತ್ತಿದ್ದರಲ್ಲ, ಒಲ್ಲೆ ಅನ್ನಲೇಬೇಕಾತು. ಇಷ್ಟು ವರ್ಷ ಹೂಂ ಅನಸಿದ್ರು. ಈಗ ಒಲ್ಲೆ ಅನಸಾಕತ್ತಾರ. ಬಾಯಿ ನಂದು, ಮಾತು ಅವರದ."

ನಾನು ಗಾಡಿ ಓಡಿಸಿದೆ.

ಮುಂದಿನ ಭಾನುವಾರ ಶಿಷ್ಯರು ಬರುವ ಅರ್ಧ ತಾಸು ಮೊದಲೇ ಮಲ್ಲೇಶಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದರು. ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಐವತ್ತೇಳು ವರ್ಷದ ಮನುಷ್ಯ ಚೌಕದಲ್ಲಿ ನಿಂತು, ತಮಗೆ ಏನು ಬೇಕು ಎಂದು ತಮ್ಮನ್ನೇ ಕೇಳಿಕೊಂಡರು. ಉತ್ತರ ಬರಲಿಲ್ಲ. ಬೇರೆಯವರಿಗೆ ಏನು ಬೇಕು ಎಂದು ಕೇಳಿದ್ದರೆ ಇನ್ನೂರು ಮನೆಯದನ್ನೂ ಬಾಯಿಪಾಠ ಹೇಳುತ್ತಿದ್ದರು. ಅಷ್ಟರಲ್ಲಿ ಒಂದು ಬಸ್ಸು ಬಂತು, ಹತ್ತಿದರು.

"ಕುಠೇ?" ಎಂದ ಕಂಡಕ್ಟರ್.

"ಶೇವಟ್‌ಚಾ ಸ್ಟಾಪ್," ಎಂದರು.

ಕೊನೆಯ ಸ್ಟಾಪು ಬುಟಿಬೋರಿ. ಪಾಳಿ ಮುಗಿಸಿದ ಕಾರ್ಖಾನೆಯವರು ಚಹಾದ ಗಾಡಿಯ ಸುತ್ತ ನಿಂತಿದ್ದರು. ಮಲ್ಲೇಶಪ್ಪನವರೂ ಒಂದು ಚಹಾ ಕುಡಿದರು. ಪಕ್ಕದವನು ಸ್ವಲ್ಪ ಸರಿದು ಜಾಗ ಬಿಟ್ಟ, ಅಷ್ಟೇ. ಯಾರೂ ಅವರನ್ನು ಏನೂ ಕೇಳಲಿಲ್ಲ, ಯಾರೂ ಅವರ ಬಾಯಿ ನೋಡಲಿಲ್ಲ. ಅದೇ ಬಸ್ಸಿಗೆ ವಾಪಸು ಬಂದರು.

"ಎಲ್ಲಿ ಹೋಗಿದ್ರಿ?" ಜಯವ್ವ ಕೇಳಿದರು.

"ಬುಟಿಬೋರಿಗೆ."

"ಏನ್ ಕೆಲಸಿತ್ತು?"

"ಏನೂ ಇದ್ದಿಲ್ಲ."

ಜಯವ್ವ ಗಂಡನ ಮುಖವನ್ನು ಹೊಸ ಕಣ್ಣಿನಿಂದ ಒಮ್ಮೆ ಸರಿಯಾಗಿ ನೋಡಿದರು.

ಅದೇ ರೂಢಿಯಾಯಿತು. ಭಾನುವಾರ ಬಂದರೆ ಸಿಕ್ಕ ಬಸ್ಸು, ಕೊನೆಯ ಸ್ಟಾಪು. ಗುರುವಿಲ್ಲದ ಒಲ್ಲೆ ಕೂಟ ಒಂದು ತಿಂಗಳು ಮುಚ್ಚಿದ ಬಾಗಿಲ ಮುಂದೆ ಸೇರಿ, ಆಮೇಲೆ ಚದುರಿತು. ಬಳಗಕ್ಕೆ ಮಾತ್ರ ಸಮಾಧಾನವಿಲ್ಲ. ಕೆಲಸವಿಲ್ಲದೆ ಮನುಷ್ಯ ಬುಟಿಬೋರಿಗೆ ಯಾಕೆ ಹೋಗುತ್ತಾನೆ? ಪ್ಲಾಟು ತಗೊಂಡಿರಬೇಕು ಎಂದರು ಗುರುಪಾದಪ್ಪ. ಇನ್ನೊಂದು ಸಂಸಾರ ಇರಬಹುದು ಎಂದರು ಕೆಲವರು. ಆದರೆ ಸಂಸಾರ ಇಟ್ಟವರು ಪ್ರತಿ ವಾರ ಬೇರೆ ಬೇರೆ ಬಸ್ಸು ಹತ್ತುವುದಿಲ್ಲ ಎಂದು ಅದು ಬಿದ್ದುಹೋಯಿತು.

ಬೋಪಣ್ಣನವರ ಕಿವಿಗೂ ಸುದ್ದಿ ಹೋಯಿತು. ಅವರು ತಮ್ಮ ಶಿಬಿರಕ್ಕೆ ನಾಲ್ಕನೆಯ ದಿನ ಸೇರಿಸಿದರು: "ಗುರಿಯಿಲ್ಲದ ಪಯಣ". ಅದಕ್ಕೊಂದು ವಿಶೇಷ ಬಸ್ಸು, ಸೀಟಿಗೆ ನಂಬರು, ಎಲ್ಲಿ ಎಷ್ಟು ನಿಮಿಷ ಗುರಿಯಿಲ್ಲದೆ ಇರಬೇಕು ಎಂಬ ವೇಳಾಪಟ್ಟಿ. ಹಸಿರು ಬಾವುಟ ತೋರಿಸಲು ಮಲ್ಲೇಶಪ್ಪನವರನ್ನು ಕರೆದರು. ಈ ಸಲ ಅವರು ಹೂಂ ಎನ್ನಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ. "ಆ ದಿನ ಏನ್ ಅನಸತೈತಿ ನೋಡೂಣ್ರಿ ಸರ್," ಎಂದು ಫೋನಿಟ್ಟರು. ಆ ದಿನ ಅವರಿಗೆ ಏನೂ ಅನಿಸಲಿಲ್ಲ. ಬಾವುಟವನ್ನು ಗುರುಪಾದಪ್ಪನವರೇ ತೋರಿಸಿದರು, ಬಹಳ ಚೆನ್ನಾಗಿ ತೋರಿಸಿದರಂತೆ.

ಕಳೆದ ದೀಪಾವಳಿಯ ಮುಂದಿನ ಭಾನುವಾರ ಜಯವ್ವ ತಾವಾಗಿ "ನಾನೂ ಬರತೀನಿ" ಎಂದು ಹೊರಟರು. ಸಿಕ್ಕದ್ದು ಕಳಮೇಶ್ವರದ ಬಸ್ಸು. ಕಿಟಕಿಯ ಹತ್ತಿರ ಜಯವ್ವ, ಪಕ್ಕದಲ್ಲಿ ಮಲ್ಲೇಶಪ್ಪ. ಊರು ಇನ್ನೂ ಮೂರ್ನಾಲ್ಕು ಕಿಲೋಮೀಟರು ಇರುವಾಗ ರಸ್ತೆಯ ಬದಿಗೆ ಮುದುಕಿಯೊಬ್ಬಳು ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತದ್ದು ಜಯವ್ವನವರಿಗೆ ಕಂಡಿತು. ಬಸ್ಸು ನಿಂತಿತ್ತು.

"ಇಳೀರಿ," ಎಂದರು.

"ಕೊನೀ ಸ್ಟಾಪ್ ಇನ್ನೂ ಮುಂದ ಐತಿ," ಎಂದರು ಮಲ್ಲೇಶಪ್ಪ, ಗಾಬರಿಯಾಗಿ. "ಕೊನೀತನಕ ಹೋಗಬೇಕು."

"ಯಾರ ಹೇಳ್ಯಾರ?"

ಜಯವ್ವ ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟರು. ಬಸ್ಸು ಹೊರಟಿತು. ಮಲ್ಲೇಶಪ್ಪ ಒಬ್ಬರೇ ಕಳಮೇಶ್ವರದ ತನಕ ಹೋದರು, ಚಹಾ ಕುಡಿದರು, ಅಷ್ಟೇನೂ ರುಚಿಸಲಿಲ್ಲ. ತಿರುಗಿ ಬರುವಾಗ ಅದೇ ಜಾಗದಲ್ಲಿ ಜಯವ್ವ ಬೇವಿನ ನೆರಳಿಗೆ ಮುದುಕಿಯ ಪಕ್ಕ ಕಾಲು ಚಾಚಿ ಕೂತು, ಮಾತಾಡುತ್ತ, ಮೂರನೆಯ ಹಣ್ಣು ಬಿಡಿಸುತ್ತಿದ್ದರು. ಇನ್ನೊಂದು ಬಸ್ಸು ಬರುತ್ತದೆ, ಅದಕ್ಕೆ ಹೋದರಾಯಿತು ಎಂದು ಕೈ ಮಾಡಿದರು.

ಮಲ್ಲೇಶಪ್ಪ ಇಳಿದರು. ಮುದುಕಿ ಅವರಿಗೂ ಒಂದು ಗೋಣಿತಾಟು ಹಾಸಿಕೊಟ್ಟಳು. ಹಣ್ಣು ಚೆನ್ನಾಗಿ ಕಳಿತಿತ್ತು, ಬೀಜ ಮಾತ್ರ ಬಹಳ. ಇಬ್ಬರೂ ಬೀಜಗಳನ್ನು ರಸ್ತೆಯಾಚೆಗೆ ಉಗುಳುತ್ತ ಕೂತರು; ಜಯವ್ವನವರವು ಒಂದು ಮಾರು ಹೆಚ್ಚು ದೂರ ಬೀಳುತ್ತಿದ್ದವು.